ಏಳನೇ ತರಗತಿಯಿಂದ ನಲಿ-ಕಲಿಗೆ

ಪ್ರಶ್ನೆ: ಹನ್ನೆರಡು ವರ್ಷ ಏಳನೇ ತರಗತಿಗೆ ಗಣಿತ ಕಲಿಸಿದವಳು. ಈಗ ನಲಿ-ಕಲಿ ಕೊಟ್ಟಿದ್ದಾರೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ದಿಕ್ಕೇ ತೋಚುತ್ತಿಲ್ಲ.

ಉತ್ತರ: ತರಬೇತಿಯ ಆದೇಶಕ್ಕೆ ಕಾಯಬೇಡಿ ಮೇಡಂ. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಸಿಆರ್‌ಪಿಯವರನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿ, ಹತ್ತಿರದ ಒಳ್ಳೆಯ ನಲಿ-ಕಲಿ ತರಗತಿಯಲ್ಲಿ ಎರಡು ದಿನ ಕೂತು ಬನ್ನಿ. ಟೀಚರನ್ನಲ್ಲ, ಮಕ್ಕಳನ್ನು ನೋಡಿ: ತಮ್ಮ ಕಲಿಕಾ ಕಾರ್ಡನ್ನು ತಾವೇ ಹೇಗೆ ಹುಡುಕುತ್ತಾರೆ, ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲನ್ನು ಹೇಗೆ ಗುರುತಿಸುತ್ತಾರೆ, ಒಬ್ಬರಿಗೊಬ್ಬರು ಏನು ಹೇಳಿಕೊಡುತ್ತಾರೆ. ಐದು ದಿನದ ಉಪನ್ಯಾಸಕ್ಕಿಂತ ಇದು ಮೇಲು ಎಂದು ನಾನು ನಂಬಿದ್ದೇನೆ.

ಅಲ್ಲಿ ಹುಟ್ಟಿದ ಅನುಮಾನಗಳನ್ನು ಕ್ಲಸ್ಟರ್‌ನ ಸಮಾಲೋಚನಾ ಸಭೆಯಲ್ಲಿ ಎತ್ತಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ (ಡಯಟ್) ಲಿಖಿತವಾಗಿ ತರಬೇತಿ ಕೋರಿ. ಅಲ್ಲಿಯವರೆಗೆ ದೀಕ್ಷಾ ಆ್ಯಪ್‌ನ ಕೋರ್ಸ್‌ಗಳನ್ನು ನೋಡಿ, ಅವು ಉಚಿತ.

ಮಕ್ಕಳನ್ನು ಗಮನಿಸುವ ಅಭ್ಯಾಸ ನಿಮ್ಮ ತರಗತಿಯಲ್ಲೂ ಇರಲಿ: ಯಾವುದಾದರೂ ಮಗು ಕರೆದರೂ ತಿರುಗದಿದ್ದರೆ ಅಥವಾ ಕಾರ್ಡನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದರೆ, ಪೋಷಕರಿಗೆ ತಿಳಿಸಿ ತಡಮಾಡದೆ ಕಿವಿ ಅಥವಾ ಕಣ್ಣಿನ ವೈದ್ಯರ ಬಳಿ ಕಳಿಸಿ.