ಹೊಟ್ಟೆಯೊಳಗಿನ ದೊಡ್ಡ ನಾಳ: ಎಲ್ಲರಿಗೂ ಸ್ಕ್ಯಾನ್ ಬೇಕೆ?

ವಿಜ್ಞಾನಿ ಐನ್‌ಸ್ಟೈನ್ 1955ರ ಏಪ್ರಿಲ್‌ನಲ್ಲಿ ತೀರಿಕೊಂಡದ್ದು ಹೊಟ್ಟೆಯಲ್ಲಿನ ದೊಡ್ಡ ರಕ್ತನಾಳ ಒಡೆದು. ಹೃದಯದಿಂದ ಹೊರಟು ಹೊಟ್ಟೆಯವರೆಗೆ ಇಳಿಯುವ ಈ ನಾಳಕ್ಕೆ ಮಹಾಪಧಮನಿ ಎನ್ನುತ್ತಾರೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ಕೆಲವರಲ್ಲಿ ಅದರ ಗೋಡೆ ದುರ್ಬಲವಾಗಿ, ಹಳೆಯ ಸೈಕಲ್ ಟ್ಯೂಬಿನಂತೆ ಒಂದು ಕಡೆ ಉಬ್ಬುತ್ತದೆ. ಅಗಲ 3 ಸೆಂ.ಮೀ. ಮುಟ್ಟಿದರೆ ಅದು ಅನ್ಯೂರಿಸಮ್. ಸಾಮಾನ್ಯವಾಗಿ ನೋವಿರುವುದಿಲ್ಲ. ಒಡೆದರೆ ಮಾತ್ರ ಹತ್ತರಲ್ಲಿ ಸುಮಾರು ಎಂಟು ಮಂದಿ ಬದುಕುವುದಿಲ್ಲ. ವಯಸ್ಸಾದ ಗಂಡಸರಲ್ಲಿ, ಅದರಲ್ಲೂ ಬೀಡಿ, ಸಿಗರೇಟು ಸೇದಿದವರಲ್ಲಿ ಇದು ಹೆಚ್ಚು.

ಇದನ್ನು ಕಂಡುಹಿಡಿಯುವುದು ಸುಲಭ. ಹೊಟ್ಟೆಯ ಮೇಲೆ ಹತ್ತು ನಿಮಿಷದ ಅಲ್ಟ್ರಾಸೌಂಡ್ ಸ್ಕ್ಯಾನ್ ಸಾಕು. ಬ್ರಿಟನ್ನಿನಲ್ಲಿ ಸುಮಾರು 67,800 ಗಂಡಸರ ಮೇಲೆ ಅಧ್ಯಯನ ನಡೆಯಿತು. ಸ್ಕ್ಯಾನಿಗೆ ಕರೆದ ಗುಂಪಿನಲ್ಲಿ ಈ ಕಾಯಿಲೆಯ ಸಾವು ನಾಲ್ಕು ವರ್ಷಗಳಲ್ಲಿ ಶೇ. 42ರಷ್ಟು ಕಡಿಮೆಯಾಯಿತು ಎಂದು 2002ರಲ್ಲಿ ಪ್ರಕಟವಾಯಿತು. ಇಂಗ್ಲೆಂಡ್ 2009ರಿಂದ 65 ತುಂಬುವ ಗಂಡಸರನ್ನು ಒಮ್ಮೆ ಉಚಿತ ಸ್ಕ್ಯಾನಿಗೆ ಕರೆಯುತ್ತಿದೆ. ಉಬ್ಬು ಚಿಕ್ಕದಿದ್ದರೆ ಮತ್ತೆ ಮತ್ತೆ ಅಳೆಯುತ್ತಾರೆ, 5.5 ಸೆಂ.ಮೀ. ಆದರೆ ಶಸ್ತ್ರಚಿಕಿತ್ಸೆಯ ವಿಚಾರ ಮಾಡುತ್ತಾರೆ.

ಹಾಗಾದರೆ ಭಾರತದಲ್ಲಿ ಏಕಿಲ್ಲ? ಇಲ್ಲಿ ನಮ್ಮ ವಾಣಿಜ್ಯ ಪಾಠ ನೆರವಿಗೆ ಬರುತ್ತದೆ. ಅರ್ಥಶಾಸ್ತ್ರದಲ್ಲಿ ಓದಿದ ‘ಅವಕಾಶ ವೆಚ್ಚ’ ನೆನಪಿಸಿಕೊಳ್ಳಿ: ಒಂದು ಕೆಲಸಕ್ಕೆ ಹಾಕಿದ ರೂಪಾಯಿ ಇನ್ನೊಂದಕ್ಕೆ ಸಿಗುವುದಿಲ್ಲ. ಸ್ಕ್ಯಾನಿನ ಬಿಲ್ಲು ಖರ್ಚಿನ ಮೊದಲ ಸಾಲು ಮಾತ್ರ. ಮರುಪರೀಕ್ಷೆ, ರಕ್ತನಾಳದ ಸರ್ಜನ್, ಆಪರೇಷನ್, ಐ.ಸಿ.ಯು. ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಆಪರೇಷನ್ನಿಗೂ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಪ್ರಕಟಿಸಿದ ಹತ್ತು ಸೂತ್ರಗಳಲ್ಲಿ ಒಂದು ಹೀಗಿದೆ: ಪತ್ತೆ ಹಚ್ಚುವ ಮೊದಲು ಚಿಕಿತ್ಸೆಯ ವ್ಯವಸ್ಥೆ ಇರಬೇಕು. ಮೇಲವಂಕಿಯಲ್ಲಿ ಉಬ್ಬು ಪತ್ತೆಯಾದರೆ ಆಪರೇಷನ್ನಿಗೆ ದೂರದ ನಗರಕ್ಕೇ ಹೋಗಬೇಕು. ಆ ದಾರಿ ತೋರಿಸದೆ ಕಾಯಿಲೆಯ ಹೆಸರು ಮಾತ್ರ ಹೇಳಿದರೆ ಮನೆಯವರಿಗೆ ಉಳಿಯುವುದು ಭಯ.

ನಮ್ಮ ರಾಷ್ಟ್ರೀಯ ಕಾರ್ಯಕ್ರಮ 30 ದಾಟಿದವರಿಗೆ ಬಿ.ಪಿ., ಶುಗರ್ ಮತ್ತು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಆದ್ಯತೆ ಕೊಟ್ಟಿದೆ. ನನ್ನ ಲೆಕ್ಕದಲ್ಲಿ ಈ ಕ್ರಮ ಸರಿಯೇ. ಆದರೆ ಇದರ ಜೊತೆಗೆ, 65 ದಾಟಿದ, ತಂಬಾಕು ಸೇದಿದ ಗಂಡಸರಿಗೆ ಮಾತ್ರ ಒಂದು ಸ್ಕ್ಯಾನ್ ಸೇರಿಸಿದರೆ ಖರ್ಚು ಕಡಿಮೆ, ಲಾಭ ಹೆಚ್ಚು. ಅಮೆರಿಕದ ತಜ್ಞರ ಸಲಹೆಯೂ 65ರಿಂದ 75ರ ಒಳಗಿನ ಇಂಥವರಿಗೇ. ತಂಬಾಕಿಗೆ ಹೆಸರಾದ ನಿಪ್ಪಾಣಿ ಇರುವುದು ನಮ್ಮ ಜಿಲ್ಲೆಯಲ್ಲೇ ಎಂಬುದನ್ನೂ ಮರೆಯಬಾರದು.

ನಮ್ಮ ಮನೆಯಲ್ಲಿ ದಾದಾ ಬೀಡಿ ಸೇದುತ್ತಾರೆ. ನಿಮ್ಮ ಮನೆಯಲ್ಲೂ ಅಜ್ಜನೋ ದಾದಾನೋ ಇರಬಹುದು. ನಾವು ಮಾಡಬಹುದಾದದ್ದು ಮೂರು:

1. ಬೀಡಿ ಬಿಡಿಸಲು ಪ್ರಯತ್ನಿಸುವುದು.
2. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಹಿರಿಯರ ಬಿ.ಪಿ. ತಪಾಸಣೆಯ ಬಗ್ಗೆ ಕೇಳುವುದು.
3. ಬೇರೆ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸುವಾಗ, “ಡಾಕ್ಟರೇ, ದೊಡ್ಡ ನಾಳವನ್ನೂ ಒಮ್ಮೆ ನೋಡಿ” ಎನ್ನುವುದು.

ಮೂರನೆಯ ಮಾತಿಗೆ ಖರ್ಚೇ ಇಲ್ಲ.