ಜೀಪಿನ ಚಕ್ರ ಮತ್ತು ಎರಡು ಮಿಲಿಮೀಟರಿನ ತೂತು



ನಮ್ಮ ಅಬ್ಬಾ ಹದಿನಾರು ವರ್ಷ ಒಂದೇ ಜೀಪು ಓಡಿಸಿದರು. ಬೆಳಿಗ್ಗೆ ಆಲೂರಿನ ಕಡೆಯಿಂದ ಆಳುಗಳನ್ನು ಹತ್ತಿಸಿಕೊಂಡು, ಬಾಳ್ಳುಪೇಟೆ, ಸಕಲೇಶಪುರ ದಾಟಿ ಹೆತ್ತೂರು ಕಡೆಯ ಕಾಫಿ ತೋಟಗಳಿಗೆ ಬಿಡುವುದು, ಸಂಜೆ ವಾಪಸ್ ಕರೆತರುವುದು. ಕಳೆದ ವರ್ಷ ಜೀಪು ಮಾರಬೇಕಾಯಿತು. ಮಾತು ಮುಗಿದು ಗಾಡಿ ಕೊಡಲು ನಾಲ್ಕು ದಿನ ಇತ್ತು. ಅದೇ ಹೊತ್ತಿಗೆ ದಮ್ಮಾಮಿನಿಂದ ಬಂದ ಮಾಮೂ ನನಗೊಂದು ಪ್ಲಾಸ್ಟಿಕ್ ಜೀಪಿನ ಕಿಟ್ ತಂದಿದ್ದರು. ಅದನ್ನೇ ನಮ್ಮ ಜೀಪಿನ ಹಾಗೆ ಜೋಡಿಸಿ ಅಬ್ಬಾಗೆ ಕೊಡಬೇಕೆಂದು ಮನಸ್ಸು ಮಾಡಿದೆ. ಆಗ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಿಟ್ಟಿನ ಚಕ್ರ ಯಾಕೆ ಹೊಂದಲಿಲ್ಲ?

ಕಿಟ್ಟಿನಲ್ಲಿದ್ದದ್ದು ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು. ನಮ್ಮ ಊರಿನ ತೋಟದ ಜೀಪುಗಳು ಅದರ ವಂಶದವೇ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಆರಂಭಿಸಿತು, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಹಾಗಾಗಿ ಬಾಡಿಯ ಆಕಾರ ಹೆಚ್ಚುಕಡಿಮೆ ಹೊಂದುತ್ತಿತ್ತು. ಟೈರು ಮಾತ್ರ ಬೇರೆ. ಯುದ್ಧದ ಜೀಪಿಗೆ 6.00-16 ಟೈರು, ನಮ್ಮ ಜೀಪಿಗೆ 7.00-16. ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ಕಿಟ್ಟಿನ ಚಕ್ರ ಹಾಕಿ ನೋಡಿದರೆ ನಮ್ಮ ಜೀಪು ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ ಕಾಣುತ್ತಿತ್ತು.

ಸ್ಕೇಲಿನ ಲೆಕ್ಕ

ಕಿಟ್ಟಿನ ಸ್ಕೇಲು 1:24. ಅಂದರೆ ನಿಜವಾದ ಗಾಡಿಯ ಒಂದು ಅಡಿ ಮಾದರಿಯಲ್ಲಿ ಅರ್ಧ ಇಂಚು. ಅಮ್ಮಿಯ ಹೊಲಿಗೆ ಟೇಪು ಹಿಡಿದು ಜೀಪಿನ ಚಕ್ರ ಅಳೆದೆ. ಒಂದು ಇಂಚಿಗೆ 25.4 ಮಿಲಿಮೀಟರು. ಇಂಚನ್ನು ಮಿಲಿಮೀಟರು ಮಾಡಿ 24ರಿಂದ ಭಾಗಿಸಿದರೆ ಆಯಿತು:

ಟೈರಿನ ಎತ್ತರ 30 ಇಂಚು – ಮಾದರಿಯಲ್ಲಿ 31.75 ಮಿ.ಮೀ.
ರಿಮ್ 16 ಇಂಚು – 16.93 ಮಿ.ಮೀ.
ಟೈರಿನ ಅಗಲ 7 ಇಂಚು – 7.4 ಮಿ.ಮೀ.

ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಪಕ್ಕದ ಮನೆಯ ಭಾಯಿಯ ಹತ್ತಿರ ರೆಸಿನ್ ಪ್ರಿಂಟರ್ ಇದೆ. ತೊಟ್ಟಿಯಲ್ಲಿರುವ ದ್ರವ ರೆಸಿನ್ನಿಗೆ ನೇರಳಾತೀತ ಬೆಳಕು ಬಿದ್ದ ಕಡೆ ಮಾತ್ರ ಅದು ಗಟ್ಟಿಯಾಗುತ್ತದೆ. ಹೀಗೆ ಪದರದ ಮೇಲೆ ಪದರ ಕೂಡಿಸುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಹಲ್ 1986ರಲ್ಲಿ ಪೇಟೆಂಟ್ ಪಡೆದರು. ಒಂದು ಪದರ 0.05 ಮಿ.ಮೀ. ಇದ್ದರೆ, ಮಲಗಿಸಿ ಮುದ್ರಿಸಿದ ನಮ್ಮ ಚಕ್ರಕ್ಕೆ 148 ಪದರ ಬೇಕು.

ನಾನು ಮಾಡಿದ ತಪ್ಪು

ಬೇಕಾದ ಅಳತೆಯದೇ ಒಂದು ಚಕ್ರದ ಫೈಲು ಸಿಕ್ಕಿತು, ಆದರೆ ಅದು 1:18 ಸ್ಕೇಲಿನದು. 18ನ್ನು 24ರಿಂದ ಭಾಗಿಸಿದರೆ 0.75. ಇಡೀ ಫೈಲನ್ನು 75 ಶೇಕಡಾಕ್ಕೆ ಇಳಿಸಿ, ಸ್ಟೆಪ್ನಿ ಸೇರಿ ಐದು ಚಕ್ರ ಮುದ್ರಿಸಲು ಭಾಯಿಗೆ ಹೇಳಿದೆ. ನೋಡಲು ಬಹಳ ಚೆನ್ನಾಗಿ ಬಂದವು. ಹಾಕಲು ಹೋದರೆ ಒಂದೂ ಹೋಗಲಿಲ್ಲ.

ಕಾರಣ ಸರಳ. ಫೈಲಿನಲ್ಲಿ ಆಕ್ಸಲ್ ತೂತು 2.4 ಮಿ.ಮೀ. ಇತ್ತು. ಚಕ್ರದ ಜೊತೆ ತೂತೂ ಇಳಿದು 1.8 ಆಯಿತು. ಕಿಟ್ಟಿನ ಪಿನ್ನು ಮಾತ್ರ 2 ಮಿ.ಮೀ. ಇತ್ತು. ಅದು ನನ್ನ ಲೆಕ್ಕಕ್ಕೆ ಕಾಯುತ್ತಾ ಕೂತಿರಲಿಲ್ಲ. ಕೈ ಡ್ರಿಲ್ಲಿನಿಂದ ತೂತು ದೊಡ್ಡದು ಮಾಡಿದೆ. ಎರಡು ಚಕ್ರ ಸೀಳಿದವು, ಉಳಿದವುಗಳಲ್ಲಿ ತೂತು ನಡುವಿನಿಂದ ಸರಿದು ಜೀಪು ಕುಂಟಿತು.

ಇಲ್ಲಿ ಕಲಿತ ಪಾಠ ಇದು: ಕಣ್ಣಿಗೆ ಕಾಣುವ ಭಾಗವನ್ನು ಸ್ಕೇಲಿನಿಂದ ಲೆಕ್ಕ ಹಾಕಬಹುದು. ಒಂದು ವಸ್ತು ಇನ್ನೊಂದಕ್ಕೆ ಸೇರುವ ಜಾಗವನ್ನು ಕೈಯಲ್ಲಿರುವ ವಸ್ತುವಿನ ಮೇಲೇ ಅಳೆಯಬೇಕು.

ಎರಡನೇ ಸಲ

ಈ ಸಲ ಮೊದಲು ಒಂದು ಸಣ್ಣ ಪಟ್ಟಿ ಮಾತ್ರ ಮುದ್ರಿಸಿದೆವು. ಅದರಲ್ಲಿ 2.0, 2.1, 2.2, 2.3 ಮಿ.ಮೀ. ತೂತುಗಳು. ರೆಸಿನ್ನಿನಲ್ಲಿ ತೂತು ಫೈಲಿನಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಕಿರಿದಾಗಿಯೇ ಬರುತ್ತದೆ. ಪಿನ್ನು ಬಿಗಿಯೂ ಆಗದೆ ಸಡಿಲವೂ ಆಗದೆ ಕೂತದ್ದು 2.2ರಲ್ಲಿ. ಚಕ್ರವನ್ನು ಇಳಿಸಿದ ಮೇಲೆ ಆ ತೂತನ್ನು ಬೇರೆಯಾಗಿ ಕೊಟ್ಟೆವು.

ಮುದ್ರಿಸಿದ ಚಕ್ರವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು ಮತ್ತೆ ನೇರಳಾತೀತ ಬೆಳಕಿಗೆ ಹಿಡಿಯಬೇಕು. ಹಸಿ ರೆಸಿನ್ ಚರ್ಮಕ್ಕೆ ಕೆಟ್ಟದ್ದು, ಆದ್ದರಿಂದ ಕೈಗವಸು ಬೇಕೇ ಬೇಕು. ತೊಳೆದ ದ್ರವವನ್ನು ಚರಂಡಿಗೆ ಚೆಲ್ಲಬಾರದು. ನಮ್ಮ ಮಳೆಗಾಲದ ಥಂಡಿಗೆ ರೆಸಿನ್ ಮಂದವಾಗಿ ಮುದ್ರಣ ಕೆಡುತ್ತದೆ, ಕೋಣೆ ಬೆಚ್ಚಗಿರಲಿ. ಕಿಟ್ಟಿನ ಪ್ಲಾಸ್ಟಿಕ್ ಅಂಟು ಪಾಲಿಸ್ಟೈರೀನನ್ನು ಕರಗಿಸಿ ಹಿಡಿಯುವಂಥದ್ದು, ರೆಸಿನ್ನಿಗೆ ಅದು ಹಿಡಿಯುವುದಿಲ್ಲ. ಸೂಪರ್ ಗ್ಲೂ ಬೇಕು. ಅಂಟಿಸುವ ಮೊದಲು ಗಾಡಿಯನ್ನು ಕನ್ನಡಿಯ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರ ತಾಗುತ್ತವೆಯೇ ನೋಡಿ.

ಅಷ್ಟರಲ್ಲಿ ಒಂದು ಅಳತೆ ತಪ್ಪಿಹೋದದ್ದು ಗೊತ್ತಾಯಿತು. ಟೈರು ಮಡ್‌ಗಾರ್ಡಿನಿಂದ ಎಷ್ಟು ಹೊರಗಿತ್ತು ಎಂದು ನಾನು ಅಳೆದಿರಲಿಲ್ಲ. ಜೀಪು ಹೋಗಿ ಎರಡು ತಿಂಗಳಾಗಿತ್ತು. ಏನಕ್ಕೆಂದು ಹೇಳದೆ ಅಬ್ಬಾರನ್ನು ಕೇಳಿದೆ. ಅವರು ಯೋಚನೆಯನ್ನೂ ಮಾಡಲಿಲ್ಲ. "ದೋ ಉಂಗ್ಲಿ, ಬೇಟಾ" ಎಂದು ಎರಡು ಬೆರಳು ತೋರಿಸಿದರು. "ಅದಕ್ಕೇ ಅಲ್ಲವಾ ಕೆಸರೆಲ್ಲ ಹಿಂದೆ ಕೂತವರ ಮೇಲೆ ಹಾರುತ್ತಿತ್ತು." ಅವರ ಎರಡು ಬೆರಳು ಅಳೆದೆ, 36 ಮಿ.ಮೀ. 24ರಿಂದ ಭಾಗಿಸಿದರೆ ಒಂದೂವರೆ. ಅರ್ಧ ಮಿಲಿಮೀಟರಿನ ಪ್ಲಾಸ್ಟಿಕ್ ವಾಷರು ಮೂರು ಕತ್ತರಿಸಿ ಪ್ರತಿ ಚಕ್ರದ ಹಿಂದೆ ಇಟ್ಟೆ.

ಖರ್ಚಿನ ಲೆಕ್ಕ

ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕ ಬರೆಯದೆ ಇರಲಾರೆ. ಭಾಯಿಗೆ ಗ್ರಾಮಿಗೆ 10 ರೂಪಾಯಿ. ಚಕ್ರಕ್ಕೆ 5 ಗ್ರಾಮಿನಂತೆ ಐದಕ್ಕೆ 250, ತೂತಿನ ಪಟ್ಟಿಗೆ 20, ಅಂಟು ಮತ್ತು ಬಣ್ಣಕ್ಕೆ 90. ಒಟ್ಟು 360, ಚಕ್ರಕ್ಕೆ 72 ರೂಪಾಯಿ. ಹಾಳಾದ ಮೊದಲ ಕಂತಿನ 250 ಸೇರಿಸಿದರೆ 610, ಅಂದರೆ ಚಕ್ರಕ್ಕೆ 122.

ತರಗತಿಯ ಗೆಳೆಯನೊಬ್ಬ ಅಂಥದ್ದೇ ಸೆಟ್ಟು ಕೇಳಿದ. 610 ಹೇಳಿದರೂ ಕೊಡುತ್ತಿದ್ದ. ನಮ್ಮ ಅಕೌಂಟೆನ್ಸಿ ಸರ್ ಹತ್ತಿರ ಕೇಳಿದೆ. ಕೆಲಸದಲ್ಲಿ ಸಹಜವಾಗಿ ಆಗುವ ನಷ್ಟ ವಸ್ತುವಿನ ಬೆಲೆಗೆ ಸೇರುತ್ತದೆ, ಅಜಾಗರೂಕತೆಯ ನಷ್ಟ ಮಾಲೀಕನದ್ದು ಎಂದರು. ಪಟ್ಟಿಯ 20 ರೂಪಾಯಿ ಮೊದಲನೆಯದು, ನನ್ನ 250 ಎರಡನೆಯದು. ಗೆಳೆಯನಿಗೆ 400 ಹೇಳಿದೆ. 40 ನನ್ನ ಲಾಭ. 250 ನನ್ನ ಜೇಬಿನದು, ಅದು ಜೇಬಿನಲ್ಲೇ ಮುಗಿಯಲಿ.

ಜೀಪನ್ನು ಅಬ್ಬಾಗೆ ಕೊಟ್ಟಾಗ ಅವರು ಬಣ್ಣ ನೋಡಲಿಲ್ಲ, ಲೈಟು ನೋಡಲಿಲ್ಲ. ಮಡ್‌ಗಾರ್ಡಿನ ಅಂಚಿಗೆ ಉಗುರಿಟ್ಟು ಟೈರಿನವರೆಗೆ ಸರಿಸಿ ನೋಡಿದರು. ಆಮೇಲೆ, "ಕೆಸರು ಹಾಕಿಲ್ಲವಲ್ಲ" ಎಂದು ನಕ್ಕರು. ಮರುದಿನ ಕಂದು ಬಣ್ಣ ತಂದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ