ತಲೆದಿಂಬಿನ ಕೆಳಗಿನ ಎರಡು ದಾರಗಳು

ರಮಝಾನಿನ ಒಂದು ದಿನ ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದ: “ಗೀಬತ್ ಮಾಡಿದ್ರ ರೋಜಾ ಮುರೀತೈತೇನ್ರಿ ಸರ? ಅದು ಸತ್ತ ತಮ್ಮನ ಮಾಂಸ ತಿಂದಂಗ ಅಂತೀರಲ್ಲ!”

ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಉಪಮಾಲಂಕಾರದ ಲಕ್ಷಣವನ್ನು ಅವನು ಬಾಯಿಪಾಠ ಮಾಡಿದ್ದ. ಆದರೆ ಅದು ಕನ್ನಡ ಪರೀಕ್ಷೆಯ ನಾಲ್ಕು ಅಂಕಗಳಿಗೆ ಮಾತ್ರ ಬೇಕಾದದ್ದು ಎಂದು ತಿಳಿದಿದ್ದ.

ಚಿಕ್ಕೋಡಿ, ರಾಯಬಾಗದ ಕಡೆ ಕಬ್ಬು ಕಾಣದ ದಾರಿಯೇ ಇಲ್ಲ (ಇದೂ ಒಂದು ಅತಿಶಯೋಕ್ತಿ). ಆದ್ದರಿಂದ ಕಬ್ಬಿನಿಂದಲೇ ಆರಂಭಿಸೋಣ. ‘ಅಜ್ಜಿಯ ಮಾತು ಕಬ್ಬಿನ ಹಾಲಿನಂತೆ ಸಿಹಿ.’ ಇಲ್ಲಿ ಮಾತು ಉಪಮೇಯ, ಕಬ್ಬಿನ ಹಾಲು ಉಪಮಾನ, ‘ಅಂತೆ’ ಎಂಬುದು ವಾಚಕ ಪದ, ಸಿಹಿ ಎಂಬುದು ಸಮಾನಧರ್ಮ. ‘ಅಜ್ಜಿಯ ಮಾತೇ ಕಬ್ಬಿನ ಹಾಲು’ ಎಂದರೆ ಎರಡಕ್ಕೂ ಭೇದವಿಲ್ಲದೆ ರೂಪಕವಾಯಿತು. 2019ರ ಆಗಸ್ಟಿನಲ್ಲಿ ಅಥಣಿ, ಕಾಗವಾಡದ ಹಳ್ಳಿಗಳಿಗೆ ಕೃಷ್ಣೆಯ ನೀರು ನುಗ್ಗಿದ್ದನ್ನು ‘ಹೊಳೆಯೇ ಊರು ನೋಡಲು ಬಂದಿತೋ ಎಂಬಂತೆ’ ಎಂದು ಬಣ್ಣಿಸಿದರೆ ಅದು ಉತ್ಪ್ರೇಕ್ಷೆ. ನಿಪ್ಪಾಣಿಯ ಉರ್ದು ಶಾಲೆಯ ಮಗು ಉಪಮೆಯನ್ನು ತಶ್ಬೀಹ್ ಎಂದು ಕಲಿಯುತ್ತದೆ, ಪಕ್ಕದ ಮರಾಠಿ ಶಾಲೆಯ ಮಗು ಉಪಮಾ ಎಂದೇ ಕಲಿಯುತ್ತದೆ. ಹೆಸರು ಯಾವುದಾದರೂ ಕೇಳಬೇಕಾದ ಪ್ರಶ್ನೆ ಒಂದೇ: ಇವೆರಡರಲ್ಲಿ ಸಮಾನವಾದದ್ದು ಏನು? ಅಜ್ಜಿಯ ಮಾತು ಸಿಹಿ ಎಂದ ಮಾತ್ರಕ್ಕೆ ಅದನ್ನು ಗಾಣದಲ್ಲಿ ಹಿಂಡಿದ್ದೆಂದು ಯಾರೂ ತಿಳಿಯುವುದಿಲ್ಲ.

ಈ ಪ್ರಶ್ನೆ ಕೇಳದೆ ದೊಡ್ಡವರೂ ಎಡವಿದ್ದುಂಟು. ದಾನಶೂರ ಹಾತಿಮ್ ತಾಯಿಯ ಕಥೆ ಕೇಳದವರು ಯಾರು? ಅವನ ಮಗ ಹ. ಅದಿಯ್ಯ್(ರ) ಸಹಾಬಿಗಳಲ್ಲಿ ಒಬ್ಬರು. ಬಿಳಿಯ ದಾರವು ಕರಿಯ ದಾರದಿಂದ ಬೇರೆಯಾಗಿ ಕಾಣುವವರೆಗೆ ಸಹರಿ ಉಣ್ಣಬಹುದೆಂಬ ಅಲ್-ಬಕರಃ ಸೂರದ ಆದೇಶವನ್ನು ಕೇಳಿ, ಅವರು ಎರಡು ದಾರಗಳನ್ನು ತಲೆದಿಂಬಿನ ಕೆಳಗಿಟ್ಟುಕೊಂಡರು. ರಾತ್ರಿಯೆಲ್ಲ ನೋಡಿದರೂ ವ್ಯತ್ಯಾಸ ತಿಳಿಯಲಿಲ್ಲ. ಬೆಳಿಗ್ಗೆ ಪ್ರವಾದಿವರ್ಯರ(ಸ) ಬಳಿ ಹೇಳಿದಾಗ, ಹಾಗಾದರೆ ನಿನ್ನ ದಿಂಬು ಭಾರಿ ಅಗಲವಿರಬೇಕು ಎಂಬರ್ಥದಲ್ಲಿ ಅವರು ವಿನೋದವಾಗಿ ನುಡಿದು, ಅದು ಇರುಳಿನ ಕಪ್ಪು ಮತ್ತು ಹಗಲಿನ ಬಿಳುಪು ಎಂದು ತಿಳಿಸಿಕೊಟ್ಟರು. ಕಾಲಿಗೆ ದಾರ ಕಟ್ಟಿಕೊಂಡು ಕಾದವರೂ ಇದ್ದರಂತೆ. ಆ ವಚನದಲ್ಲಿರುವ ‘ಪ್ರಭಾತದ’ ಎಂಬ ಪದ ನಂತರ ಅವತೀರ್ಣವಾಯಿತೆಂದು ಹ. ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ್ದಾರೆ. ಬರಿಯ ಉಪಮಾನವಿದ್ದ ಕಡೆ ಉಪಮೇಯ ಬಂದು ನಿಂತಿತು, ಗೊಂದಲ ಹರಿಯಿತು.

ಇನ್ನೊಂದು ಸಂದರ್ಭ. ತಮ್ಮ ನಂತರ ಪತ್ನಿಯರಲ್ಲಿ ಮೊದಲು ತಮ್ಮನ್ನು ಸೇರುವವರು ಉದ್ದ ಕೈಯವರು ಎಂದು ಪ್ರವಾದಿವರ್ಯರು(ಸ) ಹೇಳಿದ್ದರು. ಅವರೆಲ್ಲ ಕೈಗಳನ್ನು ಅಳೆದು ನೋಡಿದರು! ಸ್ವತಃ ದುಡಿದು ದಾನ ಮಾಡುತ್ತಿದ್ದ ಹ. ಝೈನಬ್(ರ) ಮೊದಲು ತೀರಿಕೊಂಡಾಗ ಮಾತಿನ ಅರ್ಥ ತಿಳಿಯಿತು. ‘ದಾನದಲ್ಲಿ ಎತ್ತಿದ ಕೈ’, ‘ಈ ತಿಂಗಳು ಕೈ ಬಿಗಿ’ ಎನ್ನುವ ನಮಗೆ ಇದು ಅಪರಿಚಿತವೇನಲ್ಲ.

ಇನ್ನು ಆ ಹುಡುಗನ ಪ್ರಶ್ನೆ. ಸತ್ತವನು ತನ್ನ ಮೈಯನ್ನು ಕಾಪಾಡಿಕೊಳ್ಳಲಾರ, ಎದುರಿಗಿಲ್ಲದವನು ತನ್ನ ಮಾನವನ್ನು ಕಾಪಾಡಿಕೊಳ್ಳಲಾರ. ಸಮಾನಧರ್ಮ ಅದು. ಹೊಟ್ಟೆಗೆ ಏನೂ ಹೋಗಿಲ್ಲ, ಆದ್ದರಿಂದ ರೋಜಾ ಮುರಿಯುವುದಿಲ್ಲ, ಅದರ ಪ್ರತಿಫಲ ಕುಂದುತ್ತದೆ ಎಂಬುದು ಬಹುತೇಕ ಉಲಮಾಗಳ ಅಭಿಪ್ರಾಯ ಎಂದೆ.

“ಹಂಗಾರ ಬರೇ ಹೋಲಿಕೆ ಅನ್ರಿ,” ಎಂದು ಹುಡುಗ ಹಗುರಾದ.

ಈ ‘ಬರೇ’ ಎಂಬ ಮಾತು ನನ್ನನ್ನು ದಾರಗಳಿಗಿಂತ ಹೆಚ್ಚು ಕಾಡಿತು. “ಮಾಂಸ ಅಂದಾಗ ನಿನಗ ಏನನಿಸ್ತು?” ಎಂದು ಕೇಳಿದೆ. “ಹೇಸಿಗಿ ಆತ್ರಿ.” “ಗೀಬತ್ ಅಂದಾಗ?” ಅವನು ಸುಮ್ಮನಾದ. ಎರಡನೆಯದರ ಮೇಲೆ ಬಾರದ ಹೇಸಿಗೆಯನ್ನು ಮೊದಲನೆಯದರಿಂದ ತಂದು ಹಚ್ಚುವುದಕ್ಕೇ ಆ ಹೋಲಿಕೆ ಬಂದಿದೆ ಎಂದು ವಿವರಿಸಿದೆ.

ಮನೆಯಲ್ಲಿ ಮಾಡಲು ಒಂದು ಅಭ್ಯಾಸ: ಇಬ್ರಾಹೀಮ್ ಸೂರದಲ್ಲಿ ಒಳ್ಳೆಯ ಮಾತನ್ನು, ಬೇರು ಆಳಕ್ಕಿಳಿದು ಕೊಂಬೆ ಆಕಾಶಕ್ಕೇರಿದ ಫಲಭರಿತ ಮರಕ್ಕೆ ಹೋಲಿಸಲಾಗಿದೆ. ಪಾಲಕರು ಮಕ್ಕಳೊಡನೆ ಕುಳಿತು ಇದರ ಸಮಾನಧರ್ಮಗಳನ್ನು ಹುಡುಕಲಿ. ಒಂದಕ್ಕಿಂತ ಹೆಚ್ಚು ಸಿಗುತ್ತವೆ.